ಧೂಳಿಗೆ ಎದೆಯೊಡ್ಡದ ನೌಕೆ

1986ರ ಮಾರ್ಚ್ 13 ಮತ್ತು 14ರ ನಡುವಿನ ರಾತ್ರಿ ಯುರೋಪಿನ ಜಿಯೊಟ್ಟೊ ನೌಕೆ ಹ್ಯಾಲಿ ಧೂಮಕೇತುವಿನ ತಿರುಳಿನಿಂದ ಕೇವಲ 596 ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಎರಡೂ ಎದುರುಬದುರಾಗಿ ಧಾವಿಸುತ್ತಿದ್ದುದರಿಂದ ಅವು ಒಂದನ್ನೊಂದು ದಾಟಿದ ವೇಗ ಸೆಕೆಂಡಿಗೆ 68 ಕಿಲೋಮೀಟರ್. ಧೂಮಕೇತುವಿನ ಸುತ್ತ ದಟ್ಟ ಧೂಳಿರುತ್ತದೆ ಎಂಬುದು ನೌಕೆ ಕಟ್ಟಿದವರಿಗೆ ಮೊದಲೇ ಗೊತ್ತಿತ್ತು. ಅದಕ್ಕೆಂದೇ ಅವರು ಮುಂಭಾಗದಲ್ಲಿ ಒಂದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು ಹಾಕಿ, ಅದರ ಹಿಂದೆ ಗೇಣಿನಷ್ಟು ಖಾಲಿ ಜಾಗ ಬಿಟ್ಟು, ಆ ಜಾಗದಾಚೆ 12 ಮಿಲಿಮೀಟರ್ ದಪ್ಪದ ಕೆವ್ಲಾರ್ ಪದರ ಕೂರಿಸಿದ್ದರು. ಸುಮಾರು 12,000 ಪೆಟ್ಟುಗಳು ದಾಖಲಾದವು, ಗುರಾಣಿ ತಡೆದುಕೊಂಡಿತು. ಆದರೆ ಅತಿ ಸಮೀಪ ಬರಲು ಇನ್ನು ಕೆಲವೇ ಸೆಕೆಂಡುಗಳಿದ್ದಾಗ ಸುಮಾರು ಒಂದು ಗ್ರಾಂ ತೂಕದ್ದೆಂದು ಅಂದಾಜು ಮಾಡಲಾದ ಕಣವೊಂದು ಬಡಿಯಿತು. ಬುಗುರಿಯಂತೆ ತಿರುಗುತ್ತಿದ್ದ ನೌಕೆ ಓಲಾಡಿತು, ಅದರ ಆಂಟೆನಾ ಭೂಮಿಯ ದಿಕ್ಕು ತಪ್ಪಿಸಿಕೊಂಡಿತು. ಸಂಪರ್ಕ ಸರಿಯಾಗಿ ಮರಳಲು 32 ನಿಮಿಷ ಬೇಕಾಯಿತು. ನೌಕೆ ಉಳಿಯಿತು, ಅದರ ಕ್ಯಾಮೆರಾ ಮತ್ತೆ ಚಿತ್ರ ತೆಗೆಯಲಿಲ್ಲ.

ತಗಡು, ಖಾಲಿ ಜಾಗ, ಮತ್ತೊಂದು ಪದರ ಎಂಬ ಈ ಜೋಡಣೆಯನ್ನು 1940ರ ದಶಕದಲ್ಲೇ ಸೂಚಿಸಿದವರು ಅಮೆರಿಕದ ಖಗೋಳವಿಜ್ಞಾನಿ ಫ್ರೆಡ್ ವಿಪಲ್. ಬಾಹ್ಯಾಕಾಶದ ಕಣವನ್ನು ದಪ್ಪ ಗೋಡೆಯಿಂದ ತಡೆಯಹೊರಟರೆ ಗೋಡೆಯ ತೂಕವೇ ರಾಕೆಟ್ಟಿಗೆ ಹೊರೆಯಾಗುತ್ತದೆ. ಅದರ ಬದಲು ಮುಂದೊಂದು ತೆಳು ತಗಡು ಹಿಡಿದರೆ, ಕಣ ಅದಕ್ಕೆ ಬಡಿದ ಕ್ಷಣದಲ್ಲೇ ಪುಡಿಯಾಗಿ, ಕರಗಿ, ಆವಿಯಾಗಿ ಚೆದುರುತ್ತದೆ. ಹಿಂದಿನ ಪದರಕ್ಕೆ ತಲುಪುವುದು ಅಗಲವಾಗಿ ಹರಡಿದ, ಮೊನಚು ಕಳೆದುಕೊಂಡ ಪೆಟ್ಟು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮೈಗೂ ಇದೇ ತತ್ವದ ಹೊದಿಕೆಯಿದೆ. ಸೆಕೆಂಡಿಗೆ ಹತ್ತಿಪ್ಪತ್ತು ಕಿಲೋಮೀಟರ್ ವೇಗದ ಜಗತ್ತಿಗೆ ಈ ಜಾಣ್ಮೆ ಸಾಕು. ನಕ್ಷತ್ರಗಳ ಕಡೆಗೆ ಹೊರಡುವ ನೌಕೆಗೆ ಸಾಕೇ? ಬೆಳಕಿನ ವೇಗದ ಐದನೇ ಒಂದು ಪಾಲು, ಅಂದರೆ ಸೆಕೆಂಡಿಗೆ 60,000 ಕಿಲೋಮೀಟರ್ ವೇಗದಲ್ಲಿ ಹೋಗುವ ನೌಕೆಯನ್ನು ಎಣಿಸಿಕೊಳ್ಳೋಣ. ಜಿಯೊಟ್ಟೊವನ್ನು ಓಲಾಡಿಸಿದ ಒಂದು ಗ್ರಾಂ ಕಣದ ಚಲನಶಕ್ತಿ ಸುಮಾರು ಅರ್ಧ ಕಿಲೋ ಟಿಎನ್‌ಟಿ ಸಿಡಿದಷ್ಟು. ಈ ಹೊಸ ವೇಗದಲ್ಲಿ ಹೆಚ್ಚುಕಡಿಮೆ ಅಷ್ಟೇ ಪೆಟ್ಟು ಕೊಡಲು ಒಂದು ಮೈಕ್ರೋಗ್ರಾಂ, ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು ಸಾಕು. ಅದು ಕೂದಲೆಳೆಯಷ್ಟು ದಪ್ಪದ ಕಣ. ಒಂದು ರಾಗಿ ಕಾಳಿನ ತೂಕದ ಹರಳು ಎದುರಾದರೆ ಸುಮಾರು ಒಂದು ಟನ್ ಟಿಎನ್‌ಟಿ ಸಿಡಿದಂತೆ.

ಅಂಥ ವೇಗದ ನೌಕೆಯನ್ನು ಇದುವರೆಗೆ ಯಾರೂ ಕಟ್ಟಿಲ್ಲ. ಸೌರವ್ಯೂಹದ ಹೊರಗೆ ನಮ್ಮ ಅತಿ ದೂರದ ದೂತ ವಾಯೇಜರ್ 1. ಅದು 1977ರಲ್ಲಿ ಹೊರಟು 2012ರ ಆಗಸ್ಟಿನಲ್ಲಿ ಸೂರ್ಯನ ಮಾರುತದ ಗಡಿ ದಾಟಿತು. ಅದರ ವೇಗ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್. ಆ ನಡಿಗೆಯಲ್ಲಿ 4.37 ಜ್ಯೋತಿರ್ವರ್ಷ ದೂರದ ಆಲ್ಫಾ ಸೆಂಟಾರಿಯಷ್ಟು ದೂರ ಸಾಗಲು ಎಪ್ಪತ್ತು ಸಾವಿರಕ್ಕೂ ಹೆಚ್ಚು ವರ್ಷ ಬೇಕು. ಏಪ್ರಿಲ್-ಮೇ ತಿಂಗಳ ರಾತ್ರಿ ದಕ್ಷಿಣ ಕರ್ನಾಟಕದಿಂದ ದಕ್ಷಿಣ ದಿಗಂತದ ಹತ್ತಿರ ಕಾಣುವ ಆ ಹೊಳಪಿನ ನಕ್ಷತ್ರವನ್ನು ಒಂದು ತಲೆಮಾರಿನೊಳಗೆ ಮುಟ್ಟಬೇಕೆಂಬ ಆಸೆಯಿಂದ 2016ರ ಏಪ್ರಿಲ್ 12ರಂದು ಉದ್ಯಮಿ ಯೂರಿ ಮಿಲ್ನರ್ ಮತ್ತು ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ 'ಬ್ರೇಕ್‌ಥ್ರೂ ಸ್ಟಾರ್‌ಶಾಟ್' ಯೋಜನೆ ಪ್ರಕಟಿಸಿದರು. ಕೆಲವೇ ಗ್ರಾಂ ತೂಕದ, ಎಲೆಕ್ಟ್ರಾನಿಕ್ ಚಿಪ್‌ನಷ್ಟು ಚಿಕ್ಕ ನೌಕೆಗೆ ಕೆಲವು ಮೀಟರ್ ಅಗಲದ ಹಗುರ ಹಾಯಿ ಕಟ್ಟಿ, ನೆಲದ ಮೇಲಿಂದ ಪ್ರಬಲ ಲೇಸರ್ ಕಿರಣದಿಂದ ನೂಕುವುದು, ಬೆಳಕಿನ ಐದನೇ ಒಂದು ಪಾಲು ವೇಗ ಕೊಟ್ಟು ಸುಮಾರು ಇಪ್ಪತ್ತು ವರ್ಷಗಳಲ್ಲಿ ಅಲ್ಲಿಗೆ ತಲುಪಿಸುವುದು ಅದರ ಲೆಕ್ಕ. ಯೋಜನೆ ಕಾಗದ ಬಿಟ್ಟು ಆಕಾಶಕ್ಕೆ ಏರಿಲ್ಲ. ಆದರೆ ಅದರಿಂದ ಒಂದು ದೊಡ್ಡ ಉಪಕಾರವಾಯಿತು: ಧೂಳಿನ ಪ್ರಶ್ನೆಯನ್ನು ಕಾದಂಬರಿಕಾರರ ಕೈಯಿಂದ ಬಿಡಿಸಿ ಭೌತವಿಜ್ಞಾನಿಗಳ ಮೇಜಿನ ಮೇಲೆ ಇಟ್ಟಿತು.

ನಕ್ಷತ್ರಗಳ ನಡುವೆ ಇರುವುದು ಬರೀ ಶೂನ್ಯ, ಅಲ್ಲಿ ಧೂಳೆಲ್ಲಿ ಎಂದು ಕೇಳುವವರಿದ್ದಾರೆ. ಒಂದು ಅರ್ಥದಲ್ಲಿ ಅವರು ಹೇಳುವುದು ಸರಿ. ನಮ್ಮ ಸೂರ್ಯನ ನೆರೆಹೊರೆಯಲ್ಲಿ ಒಂದು ಘನ ಸೆಂಟಿಮೀಟರ್ ಜಾಗಕ್ಕೆ ಒಂದು ಪರಮಾಣುವೂ ಸಿಗುವುದಿಲ್ಲ, ಧೂಳಂತೂ ತೂಕದಲ್ಲಿ ಆ ಅನಿಲದ ನೂರನೇ ಒಂದು ಪಾಲಿನಷ್ಟು. ಆದರೆ ದಾರಿಯ ಉದ್ದವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಚಿತ್ರ ಬದಲಾಗುತ್ತದೆ. ಎಚ್ಚರಿಕೆಗಾಗಿ ಘನ ಸೆಂಟಿಮೀಟರಿಗೆ ಒಂದು ಹೈಡ್ರೋಜನ್ ಪರಮಾಣು ಎಂದೇ ಇಟ್ಟುಕೊಳ್ಳೋಣ. ಹೆಬ್ಬೆರಳ ಉಗುರಿನಷ್ಟು, ಅಂದರೆ ಒಂದು ಚದರ ಸೆಂಟಿಮೀಟರ್ ಮುಖವಿರುವ ನೌಕೆ ಆಲ್ಫಾ ಸೆಂಟಾರಿ ಮುಟ್ಟುವಷ್ಟರಲ್ಲಿ ಗುಡಿಸಿಕೊಳ್ಳುವ ಧೂಳಿನ ಒಟ್ಟು ತೂಕ ಮೈಕ್ರೋಗ್ರಾಮಿನ ಹತ್ತನೇ ಒಂದು ಪಾಲು. ಕೇಳಲು ಏನೂ ಅಲ್ಲ. ಆದರೆ ನಕ್ಷತ್ರಗಳ ನಡುವಿನ ಸಾಮಾನ್ಯ ಧೂಳಿನ ಕಣ ಮೈಕ್ರಾನಿನ ಹತ್ತನೇ ಒಂದು ಪಾಲಿನಷ್ಟು ಚಿಕ್ಕದು. ಅಷ್ಟು ತೂಕವನ್ನು ಅಂಥ ಕಣಗಳಾಗಿ ಒಡೆದರೆ ಏಳೆಂಟು ಕೋಟಿ ಪೆಟ್ಟುಗಳಾಗುತ್ತವೆ. ಇಪ್ಪತ್ತು ವರ್ಷವೂ ಸರಿಸುಮಾರು ಒಂಬತ್ತು ಸೆಕೆಂಡಿಗೊಂದು. ಪ್ರತಿಯೊಂದರ ಶಕ್ತಿ ಒಂದು ಗ್ರಾಂ ತೂಕ ಗೇಣೆತ್ತರದಿಂದ ಬಿದ್ದಷ್ಟೇ, ಆದರೆ ಆ ಗ್ರಾಂ ಬೀಳುವುದು ಬ್ಯಾಕ್ಟೀರಿಯಾಕ್ಕಿಂತ ಚಿಕ್ಕ ಚುಕ್ಕೆಯ ಮೇಲೆ. ಕಣ ಹತ್ತು ಪಟ್ಟು ಅಗಲವಾಗಿ ಒಂದು ಮೈಕ್ರಾನ್ ಆಯಿತೆಂದರೆ ಗ್ರಾಮಿನ ಜಾಗದಲ್ಲಿ ಕಿಲೋ ಬೀಳುತ್ತದೆ. ವಾಯೇಜರ್ ನೌಕೆಗಳ ಪ್ಲಾಸ್ಮಾ ಅಲೆಗಳ ಉಪಕರಣ ತನ್ನ ನಿಧಾನದ ನಡಿಗೆಯಲ್ಲೂ ಧೂಳು ಬಡಿದ ಸದ್ದನ್ನು ದಾಖಲಿಸಿದೆ. ಆ ಶೂನ್ಯ ಖಾಲಿಯಿಲ್ಲ ಎನ್ನಲು ಅದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಹಾಗಾದರೆ ಮುಂದೊಂದು ಗಟ್ಟಿ ಗೋಡೆ ಕಟ್ಟಿದರಾಯಿತಲ್ಲ ಎಂಬುದು ಯಾರಿಗಾದರೂ ಮೊದಲು ಹೊಳೆಯುವ ಉಪಾಯ. ಬ್ರಿಟಿಷ್ ಇಂಟರ್‌ಪ್ಲಾನೆಟರಿ ಸೊಸೈಟಿ 1973ರಿಂದ 1978ರವರೆಗೆ ಬಿಡಿಸಿದ 'ಡೆಡಾಲಸ್' ನೌಕೆಯ ನಕ್ಷೆಯಲ್ಲಿ ಈ ಗೋಡೆಯನ್ನು ಕಾಣಬಹುದು. ಬರ್ನಾರ್ಡ್ ನಕ್ಷತ್ರಕ್ಕೆ ಬೆಳಕಿನ ಶೇ. 12ರಷ್ಟು ವೇಗದಲ್ಲಿ ಹೊರಟ ಆ ಕಲ್ಪನೆಯ ನೌಕೆಗೆ ಕೆಲವೇ ಮಿಲಿಮೀಟರ್ ದಪ್ಪದ, 50 ಟನ್‌ವರೆಗೆ ತೂಗುವ ಬೆರಿಲಿಯಂ ಬಿಲ್ಲೆ ಗುರಾಣಿಯಾಗಿತ್ತು. ಹಗುರವಾದ, ಆವಿಯಾಗಲು ಬಹಳ ಶಾಖ ಬೇಡುವ ಲೋಹವೆಂದು ಬೆರಿಲಿಯಂ ಆರಿಸಿದ್ದರು. ನನಗೆ ಆ ನಕ್ಷೆಯಲ್ಲಿ ಮುಖ್ಯವೆನಿಸುವುದು ಬಿಲ್ಲೆಗಿಂತ ಹೆಚ್ಚಾಗಿ ಅದರ ಜೊತೆಗೆ ಸೇರಿಸಿದ ಇನ್ನೊಂದು ಏರ್ಪಾಡು. ಗುರಿಯ ನಕ್ಷತ್ರವ್ಯೂಹದಲ್ಲಿ ದೊಡ್ಡ ಕಣಗಳು ಎದುರಾಗಬಹುದೆಂದು, ಚಿಕ್ಕ ಸಹಾಯಕ ವಾಹನಗಳು ನೌಕೆಗಿಂತ ಸುಮಾರು 200 ಕಿಲೋಮೀಟರ್ ಮುಂದೆ ಸೂಕ್ಷ್ಮ ಕಣಗಳ ಮೋಡವೊಂದನ್ನು ಹರಡಿಕೊಂಡು ಹೋಗಬೇಕಿತ್ತು. ಎದುರಾದ ಹರಳು ಆ ಮೋಡ ಹೊಕ್ಕ ಕೂಡಲೇ ಕಾದು ಚೆದುರಿ, ನೌಕೆಯ ಬಳಿ ಬರುವಷ್ಟರಲ್ಲಿ ಆವಿಯಾಗಿರಬೇಕು. ಜಿಯೊಟ್ಟೊದಲ್ಲಿ ಬಿಟ್ಟ ಗೇಣಿನ ಅಂತರ ಇಲ್ಲಿ ಇನ್ನೂರು ಕಿಲೋಮೀಟರ್ ಆಗಿತ್ತು. ಗೋಡೆ ದಪ್ಪಗಾದಷ್ಟೂ ನೌಕೆ ಭಾರವಾಗುತ್ತದೆ, ನೌಕೆ ಭಾರವಾದಷ್ಟೂ ಇಂಧನ ಹೆಚ್ಚುತ್ತದೆ. ಡೆಡಾಲಸ್‌ನ 54,000 ಟನ್ ತೂಕದಲ್ಲಿ 50,000 ಟನ್ ಇಂಧನವೇ ಆಗಿತ್ತು. ಆರ್ಥರ್ ಸಿ. ಕ್ಲಾರ್ಕ್ ತಮ್ಮ 'ದಿ ಸಾಂಗ್ಸ್ ಆಫ್ ಡಿಸ್ಟೆಂಟ್ ಅರ್ತ್' ಕಾದಂಬರಿಯಲ್ಲಿ ನೌಕೆಯ ಮುಂದೆ ಮಂಜುಗಡ್ಡೆಯ ಗುರಾಣಿ ಇಟ್ಟು, ಅದು ಸವೆದಾಗ ನಡುದಾರಿಯ ಗ್ರಹದಲ್ಲಿ ನಿಂತು ಹೊಸದಾಗಿ ಕಟ್ಟಿಸಿದರು. ಕತೆಗೆ ಅದು ಚೆಂದ. ನಡುದಾರಿಯಲ್ಲಿ ಸಮುದ್ರವಿರುವ ಗ್ರಹ ಸಿಗದ ನಾವು ಆ ಹೊರೆಯನ್ನು ಮನೆಯಿಂದಲೇ ಹೊತ್ತು ಹೋಗಬೇಕಾಗುತ್ತದೆ.

ಗೋಡೆಯ ಯೋಚನೆ ಸೋಲುವುದಕ್ಕೆ ತೂಕಕ್ಕಿಂತ ಆಳದ ಕಾರಣವಿದೆ. ಬೆಳಕಿನ ಐದನೇ ಒಂದು ಪಾಲು ವೇಗದಲ್ಲಿ ಧೂಳಿನ ಕಣವನ್ನು ಕಲ್ಲೆಂದು ಕರೆಯುವುದೇ ತಪ್ಪು. ಕಲ್ಲನ್ನು ಕಲ್ಲಾಗಿ ಹಿಡಿದಿರುವ ರಾಸಾಯನಿಕ ಬಂಧಗಳ ಶಕ್ತಿ ಪರಮಾಣುವಿಗೆ ಕೆಲವು ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಈ ವೇಗದಲ್ಲಿ ಕಣದೊಳಗಿನ ಪ್ರತಿಯೊಂದು ಪ್ರೋಟಾನಿಗೂ ನ್ಯೂಟ್ರಾನಿಗೂ ಸುಮಾರು 19 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇರುತ್ತದೆ, ಬಂಧಗಳಿಗಿಂತ ಲಕ್ಷಾಂತರ ಪಟ್ಟು ಹೆಚ್ಚು. ಹಾಗಾಗಿ ತಗಡಿಗೆ ತಾಗಿದ ಕ್ಷಣದಿಂದ ಕಣದ ಪರಮಾಣುಗಳು ಒಂದರ ಗೊಡವೆ ಒಂದಕ್ಕಿಲ್ಲದಂತೆ ಬಿಡಿಬಿಡಿಯಾಗಿ ನುಗ್ಗುತ್ತವೆ. ದೊಡ್ಡ ಆಸ್ಪತ್ರೆಗಳ ಸೈಕ್ಲೋಟ್ರಾನುಗಳಲ್ಲಿ ಪೆಟ್ ಸ್ಕ್ಯಾನಿಗೆ ಬೇಕಾದ ವಿಕಿರಣಶೀಲ ಔಷಧ ತಯಾರಿಸಲು ಬಳಸುವ ಪ್ರೋಟಾನುಗಳ ಶಕ್ತಿಯೂ ಹೆಚ್ಚುಕಡಿಮೆ ಇಷ್ಟೇ. ನೌಕೆಯ ಮೂಗಿಗೆ ಬಡಿಯುವುದು ಒಂದು ವಿಕಿರಣದ ಕಂತೆ. ದಾರಿಯ ಹೈಡ್ರೋಜನ್ ಅನಿಲವೂ ಹಾಗೆಯೇ, ಎಡೆಬಿಡದೆ ಸುರಿಯುವ ಪ್ರೋಟಾನ್ ಕಿರಣ. ಇದರಿಂದ ಒಂದು ಒಳ್ಳೆಯ ಸುದ್ದಿಯೂ ಒಂದು ಕೆಟ್ಟ ಸುದ್ದಿಯೂ ಹುಟ್ಟುತ್ತವೆ. ಇಂಥ ಪ್ರೋಟಾನನ್ನು ನಿಲ್ಲಿಸಲು ಗ್ರಾಫೈಟಿನ ಸುಮಾರು ಎರಡು ಮಿಲಿಮೀಟರ್ ಸಾಕು, ಭಾರವಾದ ಪರಮಾಣುಗಳು ಇನ್ನೂ ಬೇಗ ನಿಲ್ಲುತ್ತವೆ. ಆದ್ದರಿಂದ ಮೀಟರುಗಟ್ಟಲೆ ದಪ್ಪದ ಗೋಡೆ ಬೇಕಿಲ್ಲ. ಕೆಟ್ಟ ಸುದ್ದಿಯೆಂದರೆ, ನಿಂತ ಹೈಡ್ರೋಜನ್ ಮತ್ತು ಹೀಲಿಯಂ ಎಲ್ಲಿಗೂ ಹೋಗುವುದಿಲ್ಲ. ವರ್ಷಗಟ್ಟಲೆ ಅದೇ ಆಳದಲ್ಲಿ ಶೇಖರವಾದ ಅನಿಲ ಗುಳ್ಳೆ ಕಟ್ಟಿ, ಲೋಹದ ಮೈ ಬೊಬ್ಬೆ ಎದ್ದು ಚಕ್ಕೆಚಕ್ಕೆಯಾಗಿ ಕಳಚಬಹುದು. ಗೋಡೆಯನ್ನು ಎರಡು ಪಟ್ಟು ದಪ್ಪ ಮಾಡಿದರೂ ಆ ಬೊಬ್ಬೆ ತಪ್ಪುವುದಿಲ್ಲ.

ಈ ಸಾಕ್ಷ್ಯಗಳೆಲ್ಲ ನನ್ನನ್ನು ತಂದು ನಿಲ್ಲಿಸುವ ಜಾಗ ಇದು: ಅತಿವೇಗದ ನೌಕೆಯ ರಕ್ಷಣೆ ಇರುವುದು ಗುರಾಣಿಯ ದಪ್ಪದಲ್ಲಲ್ಲ, ನೌಕೆಯ ಮುಖದ ಕಿರಿದಿನಲ್ಲಿ. ಬೀಳುವ ಪೆಟ್ಟುಗಳ ಸಂಖ್ಯೆ ನೇರವಾಗಿ ಎದುರುಮುಖದ ವಿಸ್ತೀರ್ಣಕ್ಕೆ ಕಟ್ಟುಬಿದ್ದಿದೆ. ಒಂದು ಸೆಂಟಿಮೀಟರ್ ಅಗಲದ, ಒಂದು ಮಿಲಿಮೀಟರ್ ದಪ್ಪದ ಚೌಕ ಚಿಪ್ಪನ್ನು ಅಗಲ ಮುಂದಿಟ್ಟು ಹಾರಿಸುವ ಬದಲು ಅಂಚು ಮುಂದಿಟ್ಟು ಹಾರಿಸಿದರೆ ಪೆಟ್ಟುಗಳು ಹತ್ತನೇ ಒಂದಕ್ಕೆ ಇಳಿಯುತ್ತವೆ, ಒಂದು ಗ್ರಾಮೂ ಭಾರ ಹೆಚ್ಚದೆ. 2017ರಲ್ಲಿ ಥಿಯೆಮ್ ಹೊವಾಂಗ್, ಅಲೆಕ್ಸಾಂಡರ್ ಲಜಾರಿಯನ್, ಬ್ಲೇಕ್ಸ್ಲೀ ಬರ್ಕ್‌ಹಾರ್ಟ್ ಮತ್ತು ಅವಿ ಲೋಬ್ ಸ್ಟಾರ್‌ಶಾಟ್ ಮಾದರಿಯ ನೌಕೆಗಾಗಿ ನಡೆಸಿದ ಅಧ್ಯಯನವೂ ಇದೇ ದಿಕ್ಕಿಗೆ ಕೈ ತೋರಿತು. ಅನಿಲದೊಳಗಿನ ಭಾರದ ಪರಮಾಣುಗಳು ಸ್ಫಟಿಕಶಿಲೆಯ ಮೈಯನ್ನು ಸುಮಾರು 0.1 ಮಿಲಿಮೀಟರ್ ಆಳದವರೆಗೆ ಹಾಳುಮಾಡಬಲ್ಲವು, ಗ್ರಾಫೈಟಿಗೆ ಅವುಗಳ ಕಾಟ ಅಷ್ಟಿಲ್ಲ, ಧೂಳು ಸುಮಾರು ಅರ್ಧ ಮಿಲಿಮೀಟರ್ ಸವೆಸಬಹುದು ಎಂದು ಅವರ ಲೆಕ್ಕ ಹೇಳಿತು. ಹದಿನೈದು ಮೈಕ್ರಾನಿಗಿಂತ ದೊಡ್ಡ ಕಣ ಬಡಿದರೆ ನೌಕೆ ಉಳಿಯುವುದಿಲ್ಲ, ಆದರೆ ದಾರಿಯಲ್ಲಿ ಅಂಥದ್ದು ಸಿಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ ಎಂದೂ ಅವರು ಕಂಡುಕೊಂಡರು. ಸೂಜಿಯಂತೆ ಉದ್ದಗೆ, ಕಿರಿದಾದ ಆಕಾರ, ಮೂಗಿಗೆ ಗ್ರಾಫೈಟಿನ ತೆಳು ಕವಚ. ಅಷ್ಟರಲ್ಲೇ ಸಮಸ್ಯೆಯ ಬಹುಪಾಲು ಮುಗಿಯುತ್ತದೆ. ಅದರ ಮುಂದೆ ಸ್ವಲ್ಪ ದೂರದಲ್ಲಿ ಒಂದು ಸೂಕ್ಷ್ಮ ತಗಡನ್ನೂ ಚಾಚಿದರೆ ಕಣ ಅದನ್ನು ದಾಟುವಾಗ ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುತ್ತದೆ. ಒಂದೇ ಜಾತಿಯ ವಿದ್ಯುದಂಶ ಉಳಿಸಿಕೊಂಡ ನ್ಯೂಕ್ಲಿಯಸ್ಸುಗಳು ಪರಸ್ಪರ ದೂಡಿಕೊಂಡು ಚೆದುರುತ್ತವೆ. ಎಪ್ಪತ್ತೈದು ವರ್ಷಕ್ಕೂ ಹಿಂದಿನ ವಿಪಲ್ ಉಪಾಯ ಇಲ್ಲಿ ಬೇರೆಯೇ ಭೌತನಿಯಮದ ಬಲದಿಂದ ಮತ್ತೆ ಕೆಲಸಕ್ಕೆ ಬರುತ್ತದೆ.

ಕಾಂತಕ್ಷೇತ್ರ ಹರಡಿ ಧೂಳನ್ನೇ ಪಕ್ಕಕ್ಕೆ ತಿರುಗಿಸಬಾರದೇ ಎಂಬ ಪ್ರಶ್ನೆ ಸಹಜವಾದುದು, ಭೂಮಿಯ ಕಾಂತಕವಚ ಸೂರ್ಯನ ಕಣಗಳನ್ನು ಹಾಗೆಯೇ ತಿರುಗಿಸುತ್ತದೆ. ಆದರೆ ಕಾಂತಕ್ಷೇತ್ರಕ್ಕೆ ಹಿಡಿತ ಸಿಗುವುದು ವಿದ್ಯುದಂಶ ಇರುವ ಕಣಗಳ ಮೇಲೆ. ನಮ್ಮ ನೆರೆಯ ಅನಿಲದಲ್ಲಿ ಹೆಚ್ಚಿನ ಹೈಡ್ರೋಜನ್ ತಟಸ್ಥ, ಧೂಳಿಗಂತೂ ಅದರ ತೂಕಕ್ಕೆ ಹೋಲಿಸಿದರೆ ಇರುವ ವಿದ್ಯುದಂಶ ಅತ್ಯಲ್ಪ. ಸೆಕೆಂಡಿಗೆ 60,000 ಕಿಲೋಮೀಟರ್ ವೇಗದಲ್ಲಿ ಅದನ್ನು ಬಾಗಿಸುವಷ್ಟು ಬಲದ ಅಯಸ್ಕಾಂತ ಹೊತ್ತರೆ, ಕೆಲವೇ ಗ್ರಾಂ ತೂಗಬೇಕಾದ ನೌಕೆಯೇ ಉಳಿಯುವುದಿಲ್ಲ. ರಾಡಾರಿನಿಂದ ಮೊದಲೇ ಕಂಡು ತಪ್ಪಿಸಿಕೊಳ್ಳುವ ಅಥವಾ ಲೇಸರಿನಿಂದ ಸುಡುವ ಯೋಚನೆಯೂ ನಿಲ್ಲುವುದಿಲ್ಲ. ಒಂದು ಮೈಕ್ರಾನಿನ ಕಣವನ್ನು 600 ಕಿಲೋಮೀಟರ್ ದೂರದಿಂದ ಕಂಡೆವು ಎಂದೇ ಊಹಿಸಿದರೂ ಉಳಿಯುವ ಸಮಯ ಸೆಕೆಂಡಿನ ನೂರನೇ ಒಂದು ಪಾಲು. ವೇಗ ತಗ್ಗಿಸಿ ಎನ್ನುವ ಸಲಹೆಗೆ ಮಾತ್ರ ನಾನು ಗೌರವ ಕೊಡುತ್ತೇನೆ. ಅರ್ಧ ವೇಗದಲ್ಲಿ ಪ್ರತಿ ಪೆಟ್ಟಿನ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ, ಪ್ರಯಾಣ ಮಾತ್ರ ನಲವತ್ತು ವರ್ಷ ದಾಟುತ್ತದೆ. ಕಳುಹಿಸಿದವರಲ್ಲಿ ಅನೇಕರು ಉತ್ತರ ಬರುವುದನ್ನು ನೋಡಲಾರರು. ಆ ಬೆಲೆ ತೆರಬೇಕೋ ಬೇಡವೋ ಎಂಬುದನ್ನು ಭೌತವಿಜ್ಞಾನ ತೀರ್ಮಾನಿಸಲಾರದು.

ನನ್ನ ವಾದಕ್ಕೆ ಎದುರಾಗುವ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ, ಅದನ್ನು ಎತ್ತಿದವರಲ್ಲಿ ಹೊವಾಂಗ್ ಮತ್ತು ಲೋಬ್ ಕೂಡ ಇದ್ದಾರೆ. ಅಂಚು ಮುಂದಿಟ್ಟು ಹಾರುವ ನೌಕೆ ಇಪ್ಪತ್ತು ವರ್ಷವೂ ಅದೇ ಭಂಗಿಯಲ್ಲಿ ಇರುತ್ತದೆ ಎನ್ನಲು ಆಧಾರವೇನು? ಅನಿಲದ ಹೊಡೆತದಿಂದ ನೌಕೆಯ ಮೈಗೆ ವಿದ್ಯುದಂಶ ಏರುತ್ತದೆ, ಮೂಗಿಗೂ ಬಾಲಕ್ಕೂ ಏರುವ ಪ್ರಮಾಣ ಒಂದೇ ಆಗಿರುವುದಿಲ್ಲ. ನಕ್ಷತ್ರಗಳ ನಡುವಿನ ದುರ್ಬಲ ಕಾಂತಕ್ಷೇತ್ರದಲ್ಲಿ ಈ ಅಸಮತೋಲ ನೌಕೆಯನ್ನು ಮೆಲ್ಲಗೆ ಹೊರಳಿಸಬಹುದು. ಹೊರಳಿತೆಂದರೆ ಕಿರಿದಾದ ಮುಖದ ಜಾಗಕ್ಕೆ ಅಗಲವಾದ ಪಕ್ಕೆ ಬರುತ್ತದೆ. ಹಾಯಿಯ ಕಷ್ಟವೂ ಇದೆ. ವೇಗ ಪಡೆದ ಮೇಲೆ ಅದನ್ನು ಕಳಚಿ ಎಸೆಯಬೇಕು ಇಲ್ಲವೆ ಮಡಚಬೇಕು, ಅಂಚು ತಿರುಗಿಸಿ ಹಿಡಿಯುವುದಂತೂ ಇನ್ನೂ ಕಷ್ಟ. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಇದು ನನ್ನನ್ನು ಗೋಡೆಯ ಕಡೆಗೆ ಮರಳಿಸುವುದಿಲ್ಲ. ನೌಕೆಯನ್ನು ಅದರ ಉದ್ದದ ಅಕ್ಷದ ಸುತ್ತ ಗಿರ್ರನೆ ತಿರುಗಿಸಿಬಿಟ್ಟರೆ ಬುಗುರಿಯಂತೆ ಅದರ ದಿಕ್ಕು ನಿಲ್ಲುತ್ತದೆ, ಜಿಯೊಟ್ಟೊವನ್ನು ಸ್ಥಿರವಾಗಿ ಹಿಡಿದಿದ್ದೂ ಅದೇ ತಿರುಗಾಟ. ಒಂದೇ ಗ್ರಾಂ ಬಡಿದಾಗ ಆ ತಿರುಗಾಟವೇ ಕದಡಿತು ಎಂಬುದನ್ನೂ ನೆನಪಿನಲ್ಲಿ ಇಡಬೇಕು. ಆದ್ದರಿಂದ ಗುರಾಣಿಗೆಂದು ಇಟ್ಟ ತೂಕದಲ್ಲಿ ಒಂದಿಷ್ಟನ್ನು ಭಂಗಿ ಕಾಯುವುದಕ್ಕೆ ಕೊಡುವುದು ಜಾಣತನ.

ಇಷ್ಟೆಲ್ಲ ಲೆಕ್ಕ ನಿಂತಿರುವುದು ಧೂಳಿನ ಗಾತ್ರದ ಬಗ್ಗೆ ನಾವು ಇಟ್ಟುಕೊಂಡಿರುವ ನಂಬಿಕೆಯ ಮೇಲೆ. ನಕ್ಷತ್ರಗಳ ಬೆಳಕು ಎಷ್ಟು ಮಂಕಾಗುತ್ತದೆ ಎಂಬುದನ್ನು ಅಳೆದು ಖಗೋಳವಿಜ್ಞಾನಿಗಳು ಮಾಡಿದ ಅಂದಾಜಿನ ಪ್ರಕಾರ ಹೆಚ್ಚಿನ ಕಣಗಳು ಕಾಲು ಮೈಕ್ರಾನಿಗಿಂತ ಚಿಕ್ಕವು. ಆದರೆ 1990ರ ದಶಕದಲ್ಲಿ ಯುಲಿಸಿಸ್ ನೌಕೆಯ ಧೂಳು ಮಾಪಕ ಸೌರವ್ಯೂಹದೊಳಗೇ ಹರಿದುಬರುವ ಹೊರಗಿನ ಧೂಳನ್ನು ಹಿಡಿದಾಗ, ಆ ಅಂದಾಜು ಮೀರಿದ ದೊಡ್ಡ ಕಣಗಳೂ ಸಿಕ್ಕವು. ಸ್ಟಾರ್‌ಡಸ್ಟ್ ನೌಕೆ 2006ರಲ್ಲಿ ಭೂಮಿಗೆ ತಂದಿಳಿಸಿದ ಫಲಕಗಳನ್ನು ವರ್ಷಗಟ್ಟಲೆ ಜಾಲಾಡಿ, ನಕ್ಷತ್ರಗಳ ನಡುವಿನಿಂದ ಬಂದಿರಬಹುದಾದ ಏಳೇ ಏಳು ಕಣಗಳನ್ನು 2014ರಲ್ಲಿ ಪ್ರಕಟಿಸಲಾಯಿತು. ನಮ್ಮ ಕೈಯಲ್ಲಿರುವ ಮಾದರಿ ಅಷ್ಟು ಸಣ್ಣದು. ದೊಡ್ಡ ಕಣ ಎಷ್ಟು ಅಪರೂಪ ಎಂಬ ಒಂದೇ ಸಂಖ್ಯೆಯ ಮೇಲೆ ಇಡೀ ಯಾನದ ಅಳಿವು ಉಳಿವು ನಿಂತಿರುವಾಗ, ಒಂದೇ ನೌಕೆಯನ್ನು ನಂಬಿ ಕೂರುವುದು ಸರಿಯಲ್ಲ. ಸಾವಿರ ಚಿಕ್ಕ ನೌಕೆಗಳನ್ನು ಒಂದರ ಹಿಂದೊಂದು ಕಳುಹಿಸಬೇಕೆಂಬ ಸ್ಟಾರ್‌ಶಾಟ್‌ನ ಆಲೋಚನೆ ಇಲ್ಲಿ ಅರ್ಥ ಪಡೆಯುತ್ತದೆ. ಮರ ಸಾವಿರ ಬೀಜ ಉದುರಿಸುವುದು ಎಲ್ಲವೂ ಮೊಳೆಯಲಿ ಎಂದಲ್ಲ. ಕೆಲವು ನೌಕೆಗಳು ದಾರಿಯಲ್ಲೇ ಹೋಗುತ್ತವೆ ಎಂದು ಮೊದಲೇ ಒಪ್ಪಿಕೊಂಡವರಿಗೆ ಮಾತ್ರ ಈ ಯಾನ ಸಾಧ್ಯ.

ಅದೇ ಕಾರಣಕ್ಕೆ ಮನುಷ್ಯರನ್ನು ಹೊತ್ತ ನೌಕೆ ಈ ವೇಗದಲ್ಲಿ ಹೊರಡಬಾರದು ಎಂಬುದು ನನ್ನ ತೀರ್ಮಾನ. ನೂರು ಚದರ ಮೀಟರ್ ಮುಖದ ನೌಕೆ ಉಗುರಿನಗಲದ ನೌಕೆಗಿಂತ ಹತ್ತು ಲಕ್ಷ ಪಟ್ಟು ಹೆಚ್ಚು ಧೂಳು ಗುಡಿಸಿಕೊಳ್ಳುತ್ತದೆ, ದೊಡ್ಡ ಕಣ ಎದುರಾಗುವ ಸಂಭವವೂ ಅಷ್ಟೇ ಪಟ್ಟು ಏರುತ್ತದೆ, ಮತ್ತು ಅಲ್ಲಿ ಸಾವಿರದಲ್ಲಿ ಕೆಲವು ಹೋಗಲಿ ಎನ್ನುವ ಲೆಕ್ಕಕ್ಕೆ ಜಾಗವಿಲ್ಲ. ಯಂತ್ರಗಳ ಮಟ್ಟಿಗೆ ದಾರಿ ಮುಚ್ಚಿಲ್ಲ. ಸೆಕೆಂಡಿಗೆ 60,000 ಕಿಲೋಮೀಟರ್ ವೇಗದ ಧೂಳನ್ನು ಯಾವ ಪ್ರಯೋಗಾಲಯವೂ ಹಾರಿಸಲಾರದು ನಿಜ, ಆದರೆ ಕಣ ಬಿಡಿಬಿಡಿ ಪರಮಾಣುಗಳಾಗಿ ನುಗ್ಗುತ್ತದೆ ಎಂದಾದ ಮೇಲೆ ಅಂಥ ಪ್ರೋಟಾನುಗಳನ್ನು ಗ್ರಾಫೈಟಿನ ಮೇಲೆ ಸುರಿದು ನೋಡಲು ಸಾಮಾನ್ಯ ವೇಗವರ್ಧಕಗಳೇ ಸಾಕು. ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಧೂಳನ್ನು ಎಣಿಸುವುದು. ಅದು ಶುರುವಾಗಿದೆ. 2025ರ ಸೆಪ್ಟೆಂಬರ್ 24ರಂದು ಹಾರಿದ ನಾಸಾದ ಐಮ್ಯಾಪ್ ನೌಕೆಯಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದವರು ಕಟ್ಟಿದ ಐಡೆಕ್ಸ್ ಎಂಬ ಮಾಪಕವಿದೆ. ನಕ್ಷತ್ರಗಳ ನಡುವಿನಿಂದ ಬರುವ ಧೂಳನ್ನು ಹಿಡಿದು ಅದರಲ್ಲೇನಿದೆ ಎಂದು ಪರೀಕ್ಷಿಸುವುದೇ ಅದರ ಕೆಲಸ. ಅದಕ್ಕೆ ಗೊತ್ತುಮಾಡಿದ ನೆಲೆ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿನ ಸುತ್ತ, ಇಸ್ರೋದ ಆದಿತ್ಯ-ಎಲ್1 ಸುತ್ತುತ್ತಿರುವ ಜಾಗ.